ಹೀತ್ ಬಯಲಿಗೆ ಎರಡು ಮೀಟರ್ ಹಗ್ಗ

ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಹೀತ್ ಎಂಬ ಕುರುಚಲು ಬಯಲಿಗೆ ನಾಯಿಯೊಡನೆ ಒಂಟಿಯಾಗಿ ಹೊರಡುವವರು ಮೊದಲು ನೋಡಿಕೊಳ್ಳಬೇಕಾದದ್ದು ಹಗ್ಗದ ಉದ್ದ. ಸಾರ್ವಜನಿಕರು ಮನಬಂದಂತೆ ಅಲೆಯಬಹುದಾದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರ್ ಮೀರದ ಹಗ್ಗದಲ್ಲಿ ಹಿಡಿದಿರಬೇಕೆಂದು 2000ದ ಕಾಯ್ದೆ ಹೇಳುತ್ತದೆ. ದನಕುರಿಗಳ ಹತ್ತಿರವಾದರೆ ವರ್ಷವಿಡೀ ಇದೇ ನಿಯಮ. ನಾಯಿಯನ್ನು ಬಿಟ್ಟು ಓಡಿಸದಿದ್ದರೆ ಅದೆಂಥ ನಡಿಗೆ ಎನ್ನುವ ಪಂಥ ಹಳೆಯದು, ಗದ್ದಲದ್ದು. ಆ ಪಂಥದವರು ನೆಲ ನೋಡಿ ನಡೆದವರಲ್ಲ.

ನೋಡಿದ್ದರೆ ನತ್ತಿಂಗ ಕಾಣುತ್ತಿತ್ತು. ಆಫ್ರಿಕಾದಿಂದ ಮೇ ತಿಂಗಳಲ್ಲಿ ಬಂದಿಳಿಯುವ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಎರಡು ಮೊಟ್ಟೆ ಇಟ್ಟು, ಒಣ ತೊಗಟೆಯ ಚೂರಿನಂತೆ ಕದಲದೆ ಕೂರುತ್ತದೆ. ಮನುಷ್ಯನ ಕಣ್ಣಿಗೆ ಬೀಳದ್ದು ನಾಯಿಯ ಮೂಗಿಗೆ ಸಿಗುತ್ತದೆ. ಹಕ್ಕಿ ಎದ್ದುಹೋದರೆ ಮೊಟ್ಟೆ ಕಾಗೆಯ ಪಾಲು. ಪೊದೆಯಲ್ಲಿ ಅಡಗುವ ಡಾರ್ಟ್‌ಫರ್ಡ್ ಉಲಿಯಕ್ಕಿಯ ಪಾಡೂ ಹಗುರವಲ್ಲ. 1962–63ರ ಕಡುಚಳಿ ಕಳೆದಾಗ ಇಡೀ ಬ್ರಿಟನ್ನಿನಲ್ಲಿ ಉಳಿದಿದ್ದವು ಹತ್ತು ಹನ್ನೊಂದು ಜೋಡಿ. ಇಂಥ ಹಕ್ಕಿಗಳ ಸಲುವಾಗಿಯೇ ಡಾರ್ಸೆಟ್ಟಿನ ಸಂರಕ್ಷಿತ ಹೀತ್‌ಗಳಿಂದ 400 ಮೀಟರ್ ಒಳಗೆ ಹೊಸ ವಸತಿ ಕಟ್ಟಲು ಅನುಮತಿ ಇಲ್ಲ. ಮನೆ ಬಂದರೆ ನಾಯಿಯೂ ಬೆಕ್ಕೂ ಬರುತ್ತವೆ ಎಂಬುದು ಲೆಕ್ಕಾಚಾರ. ನಾಯಿಯ ಹೇಲನ್ನು ಎತ್ತಬೇಕೆನ್ನುವುದೂ ಬರೀ ಮರ್ಯಾದೆಯ ಮಾತಲ್ಲ. ಹೀತ್ ಬಾಳುವುದೇ ಸಾರವಿಲ್ಲದ ಮರಳುನೆಲದಲ್ಲಿ. ಗೊಬ್ಬರ ಬಿದ್ದಲ್ಲಿ ಹುಲ್ಲು ಕೊಬ್ಬಿ, ನೇರಳೆ ಹೂವಿನ ಹೆದರ್ ಗಿಡ ಸೊರಗುತ್ತದೆ.

ಹೀತ್ ಪಾಳುಭೂಮಿಯೂ ಅಲ್ಲ. ಸಾವಿರಾರು ವರ್ಷ ದನ ಮೇದು, ಜನ ಸೌದೆ ಕಡಿದು ಉಳಿಸಿಕೊಂಡ ಬಯಲು ಅದು. ಕೈಬಿಟ್ಟರೆ ಬರ್ಚ್, ಪೈನ್ ನುಗ್ಗುತ್ತವೆ. 1919ರಲ್ಲಿ ಹುಟ್ಟಿದ ಸರ್ಕಾರಿ ಅರಣ್ಯ ಆಯೋಗ ಡಾರ್ಸೆಟ್ಟಿನ ವೇರ್‌ಹ್ಯಾಮ್ ಸುತ್ತಿನ ಹೀತ್‌ಗಳಲ್ಲಿ ತಾನೇ ಸಾಲುಸಾಲು ಪೈನ್ ನೆಟ್ಟಿತು. ಖಾಲಿ ಜಾಗ ಕಂಡರೆ ಸಸಿ ನೆಡುವ ಈ ಚಟ ಕರ್ನಾಟಕದ ಅಮೃತಮಹಲ್ ಕಾವಲುಗಳಿಗೂ ತಟ್ಟಿದೆ. ಅಲ್ಲಿ ಪೈನ್ ಬದಲು ನೀಲಗಿರಿ.

ಕಾದಂಬರಿಕಾರ ಥಾಮಸ್ ಹಾರ್ಡಿ 1840ರಲ್ಲಿ ಹುಟ್ಟಿದ್ದು ಇಂಥದೊಂದು ಹೀತಿನ ಅಂಚಿನಲ್ಲಿ. 1878ರ ‘ದ ರಿಟರ್ನ್ ಆಫ್ ದ ನೇಟಿವ್’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಪಾತ್ರಗಳಿಲ್ಲ, ಮುಸ್ಸಂಜೆಯ ಎಗ್ಡನ್ ಹೀತ್ ಒಂದೇ. ಪ್ಯಾರಿಸ್ಸಿನ ವಜ್ರದ ವ್ಯಾಪಾರ ಬಿಟ್ಟು ಬಂದ ಕಥಾನಾಯಕ ಕ್ಲಿಮ್, ಕಣ್ಣು ಮಂಜಾದ ಮೇಲೆ ಗಾರ್ಸ್ ಮುಳ್ಳುಪೊದೆ ಕಡಿಯುವ ಕೂಲಿಯಾಗುತ್ತಾನೆ. ಆಗಸ್ಟ್ ಬಿಸಿಲಲ್ಲಿ ಮಗನ ಮನೆಗೆ ಒಂಟಿಯಾಗಿ ನಡೆದುಹೋದ ಅವನ ತಾಯಿಗೆ, ಯಾರೂ ಬಾಗಿಲು ತೆರೆಯದೆ ಹಿಂದಿರುಗುವಾಗ ಬಳಲಿ ಬಿದ್ದಲ್ಲಿ, ಹಾವು ಕಚ್ಚುತ್ತದೆ. ಊರವರು ಹಾವುಗಳನ್ನೇ ಹಿಡಿದು ತಂದು, ಹುರಿದು, ಅವುಗಳ ಕೊಬ್ಬನ್ನು ಗಾಯಕ್ಕೆ ಸವರುತ್ತಾರೆ. ಆಕೆ ಉಳಿಯುವುದಿಲ್ಲ. ಹಾರ್ಡಿಯ ಸ್ವಂತ ನಾಯಿ ವೆಸೆಕ್ಸ್ ಎಂಬ ಟೆರಿಯರ್ ಮಾತ್ರ ಬೇರೆ ಬಗೆಯಲ್ಲಿ ಪ್ರಸಿದ್ಧ. ಮನೆಗೆ ಬಂದ ಅತಿಥಿಗಳನ್ನು ಕಚ್ಚುತ್ತಿತ್ತು. 1926ರಲ್ಲಿ ಸತ್ತ ಅದರ ಸಮಾಧಿ ಡಾರ್ಚೆಸ್ಟರಿನಲ್ಲಿ ಹಾರ್ಡಿಯ ಮನೆಯಾಗಿದ್ದ ಮ್ಯಾಕ್ಸ್ ಗೇಟಿನ ತೋಟದಲ್ಲಿದೆ.

ಕ್ಲಿಮ್‌ನ ತಾಯಿಯನ್ನು ಕಚ್ಚಿದ ಹಾವು ಆಡರ್. ಬ್ರಿಟನ್ನಿನ ಏಕೈಕ ವಿಷದ ಹಾವು, ನಮ್ಮ ಮಂಡಲದ ಹಾವಿನ ದೂರದ ನೆಂಟ. ಅದರಿಂದ ಮನುಷ್ಯ ಸತ್ತದ್ದು 1975ರಲ್ಲಿ ಕಡೆಯ ಸಲ. ಪೊದೆಗೆ ಮೂತಿ ತೂರಿಸುವ ನಾಯಿಗೆ ಅಪಾಯ ಹೆಚ್ಚು. ಕಚ್ಚಿಸಿಕೊಂಡ ನಾಯಿಯನ್ನು ನಡೆಸಬಾರದು, ನಡೆದಷ್ಟೂ ವಿಷ ಹರಡುತ್ತದೆ. ಎತ್ತಿಕೊಂಡೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒಂಟಿ ನಡಿಗೆಯವರು ಮೂವತ್ತು ಕಿಲೋ ಲ್ಯಾಬ್ರಡಾರ್ ಜೊತೆ ಬಯಲಿನ ನಡುಭಾಗಕ್ಕೆ ಹೋಗುವ ಮುನ್ನ ತಮ್ಮ ತೋಳಿನ ಬಲವನ್ನೂ ಲೆಕ್ಕ ಹಾಕುವುದು ಒಳ್ಳೆಯದು.

ಗಾರ್ಸ್ ಹೂವಿಗೆ ತೆಂಗಿನಕಾಯಿಯ ಪರಿಮಳ. ಕತ್ತಲಾಗುವ ಹೊತ್ತಿಗೆ ನತ್ತಿಂಗದ ರಾಟೆಯಂಥ ಗುರುಗುರು ಕೇಳತೊಡಗುತ್ತದೆ. ಆಗಸ್ಟ್ 1ಕ್ಕೆ ಕಾನೂನಿನ ಹಗ್ಗ ಬಿಚ್ಚಿಕೊಳ್ಳುತ್ತದೆ. ನತ್ತಿಂಗದ ಎರಡನೆಯ ಸಲದ ಮರಿಗಳು ಆಗಲೂ ನೆಲದ ಮೇಲೆಯೇ ಇರುವುದುಂಟು.