ಹಾರ್ಲೊ ವಿಮಾನವೂ ‘ಪ್ರಥಮ’ವೆಂಬ ಮಾತೂ

ಭಾರತದಲ್ಲಿ ತಯಾರಾದ ಮೊದಲನೆಯ ವಿಮಾನವು 1941ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಹಾರಿತೆಂಬ ಹೇಳಿಕೆಯನ್ನು ನಾವು ಮೇಲಿಂದ ಮೇಲೆ ಓದುತ್ತೇವೆ. ಕಾಲವೂ ಸ್ಥಳವೂ ಸರಿಯಾಗಿಯೇ ಇವೆ. ‘ತಯಾರಾದ’ ಎಂಬ ಪದವು ಮಾತ್ರ ಪರೀಕ್ಷೆಗೆ ನಿಲ್ಲಲಾರದು.

ಕಿತ್ತೂರು, ಬೈಲಹೊಂಗಲದ ಸೀಮೆಯಲ್ಲಿ ಇತಿಹಾಸವನ್ನು ಬೋಧಿಸುವ ನಮಗೆ ‘ಪ್ರಥಮ’ ಎಂಬ ವಿಶೇಷಣದ ಸೆಳೆತವು ಹೊಸತಲ್ಲ. 1824ರ ಕಿತ್ತೂರ ಕಾಳಗವು 1857ಕ್ಕಿಂತ ಮೊದಲಿನದೆಂದು ಹೇಳಿ ತೃಪ್ತನಾದ ವಿದ್ಯಾರ್ಥಿಯು, ಚೆನ್ನಮ್ಮನ ದತ್ತಕವನ್ನು ಕಂಪನಿ ಸರಕಾರವು ಏಕೆ ಒಪ್ಪಲಿಲ್ಲವೆಂದು ಕೇಳುವುದನ್ನೇ ಮರೆಯುತ್ತಾನೆ. ವಿಮಾನದ ವಿಷಯದಲ್ಲಿಯೂ ಹಾಗೆಯೇ ಆಗಿದೆ.

ಬೆಂಗಳೂರಿನಲ್ಲಿ ಹಾರಿದುದು ಹಾರ್ಲೊ ಪಿ.ಸಿ.-5 ಎಂಬ ತರಬೇತಿ ವಿಮಾನ. ಅದರ ವಂಶವು ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ, ಕ್ಯಾಲಿಫೋರ್ನಿಯದ ಪ್ಯಾಸಡೀನಾ ಜ್ಯೂನಿಯರ್ ಕಾಲೇಜಿನಲ್ಲಿ ಹುಟ್ಟಿದುದು. ಅಲ್ಲಿಯ ಅಧ್ಯಾಪಕ ಮ್ಯಾಕ್ಸ್ ಹಾರ್ಲೊ ಅವರು ವಿದ್ಯಾರ್ಥಿಗಳ ನೆರವಿನಿಂದ ಪಿ.ಜೆ.ಸಿ.-1 ಎಂಬುದನ್ನು ಕಟ್ಟಿ 1937ರಲ್ಲಿ ಹಾರಿಸಿದರು. ಕಾಲೇಜಿನ ಹೆಸರಿನ ಮೊದಲಕ್ಷರಗಳೇ ವಿಮಾನದ ಹೆಸರಾದವು. ಎರಡು ಅಂತಸ್ತಿನ ರೆಕ್ಕೆಗಳಿಗೆ ಬಟ್ಟೆ ಹೊದಿಸಿದ ವಿಮಾನಗಳಲ್ಲಿಯೇ ಹೆಚ್ಚಾಗಿ ಹಾರಾಟ ಕಲಿಸುತ್ತಿದ್ದ ಆ ದಿನಗಳಲ್ಲಿ ಇದು ಒಂದೇ ಅಂತಸ್ತಿನ ರೆಕ್ಕೆಯ, ಲೋಹದ ಮೈಯ ಮಾನೋಪ್ಲೇನ್. ಹಾರುವಾಗ ಗಾಲಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಿತು. ನಾಲ್ವರು ಕೂಡುವ ಪಿ.ಜೆ.ಸಿ.-2 ಅದರ ಬೆನ್ನಿಗೆ ಬಂದಿತು. ಗುರುಶಿಷ್ಯರಿಬ್ಬರು ಒಬ್ಬರ ಹಿಂದೊಬ್ಬರು ಕೂಡುವಂತೆ 1939ರಲ್ಲಿ ಅದನ್ನು ಮಾರ್ಪಡಿಸಿದುದೇ ಪಿ.ಸಿ.-5. ಕಾಲೇಜಿನಲ್ಲಿ ಪಾಠ ಹೇಳುವವರಾದ ನಮಗೆ, ಕಾರ್ಖಾನೆಯ ಕಥೆಗಿಂತ ಈ ಹುಟ್ಟಿನ ಕಥೆಯೇ ಹೆಚ್ಚು ಹಿಡಿಸಿತೆಂದು ಒಪ್ಪಿಕೊಳ್ಳುತ್ತೇವೆ.

ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಭಾಗದಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದುದು 1940ರ ಡಿಸೆಂಬರಿನಲ್ಲಿ. ಎಂಟೇ ತಿಂಗಳಲ್ಲಿ ವಿಮಾನ ಹಾರಿತೆಂದರೆ ಅದರ ರಹಸ್ಯವು ಸ್ಪಷ್ಟವಾಗಿದೆ: ವಿನ್ಯಾಸವೂ ಭಾಗಗಳೂ ಅಮೆರಿಕೆಯವು, ಇಲ್ಲಿ ನಡೆದುದು ಜೋಡಣೆ. ‘ಜೋಡಿಸಿದ ಮೊದಲ ವಿಮಾನ’ವೆಂದು ಬರೆದರೆ ಕಾರ್ಖಾನೆಯ ಕೀರ್ತಿಗೆ ಕುಂದೇನೂ ಇಲ್ಲ. ವಿಮಾನವನ್ನು ಕಣ್ಣಾರೆ ಕಾಣದಿದ್ದವರೂ ಅದನ್ನು ಬಿಚ್ಚಿ ಕೂಡಿಸಲು ಕಲಿತರು. ಯುದ್ಧಕಾಲದಲ್ಲಿ ಮಿತ್ರಪಕ್ಷದ ವಿಮಾನಗಳ ದುರಸ್ತಿಯು ಇಲ್ಲಿಯೇ ನಡೆಯಿತು. ತಪ್ಪಾದ ಪದವು ಈ ಕಲಿಕೆಯನ್ನು ಮರೆಮಾಡುತ್ತದೆಂಬುದೇ ನಮ್ಮ ಆಕ್ಷೇಪ.

ವಿನ್ಯಾಸವು 1951ರ ಆಗಸ್ಟಿನಲ್ಲಿ ಹಾರಿದ ಎಚ್.ಟಿ.-2ರಲ್ಲಿ ಕಾಣಿಸಿತು. ಅದನ್ನು ರೂಪಿಸಿದವರು ನಮ್ಮ ನೆರೆಯ ಕೊಲ್ಲಾಪುರ ಸೀಮೆಯ ವಿ. ಎಂ. ಘಾಟಗೆಯವರು ಹಾಗೂ ಅವರ ಸಂಗಡಿಗರು. ಇದೂ ಲೋಹದ ಮಾನೋಪ್ಲೇನ್, ಇಲ್ಲಿಯೂ ಗುರುಶಿಷ್ಯರು ಹಿಂದುಮುಂದಾಗಿ ಕೂಡುತ್ತಾರೆ. ಇಷ್ಟರಿಂದಲೇ ಇದನ್ನು ಹಾರ್ಲೊದ ಸಂತಾನವೆಂದು ತಿಳಿಯುವುದು ಅವಸರದ ಮಾತಾದೀತು. ಹೋಲಿಕೆಯು ವಂಶಾವಳಿಯಲ್ಲ, ಎಚ್.ಟಿ.-2ರ ಗಾಲಿಗಳಂತೂ ಒಳಸೇರುವವಲ್ಲ. ಈ ವಿಮಾನವನ್ನು ‘ಸಂಪೂರ್ಣ ಸ್ವದೇಶಿ’ ಎನ್ನುವವರೂ ಉಂಟು. ಅದರ ಎಂಜಿನ್ ಇಂಗ್ಲೆಂಡಿನದಾಗಿದ್ದಿತು.