ಆರು ಜನರ ರಕ್ತ

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ರಕ್ತದಲ್ಲಿ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳಿಗೆ ನಮ್ಮ ಫಾರ್ಮಸಿ ವಲಯದಲ್ಲಿ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. ‘ಸರಳ, ಶೀಘ್ರ, ಸೂಕ್ಷ್ಮ’ ಎಂಬುದು ಶೀರ್ಷಿಕೆಯಲ್ಲೇ ಇರುತ್ತದೆ. ಯಾರ ರಕ್ತ ಎಂದು ಹುಡುಕಿದರೆ ನಾನು ಓದಿದ ಪ್ರಬಂಧಗಳಲ್ಲಿ ಸಿಕ್ಕಿದ್ದು ಒಂದೇ ಉತ್ತರ: ಆರೋಗ್ಯವಂತರದು.

ಮೆಟ್‌ಫಾರ್ಮಿನ್ನನ್ನೇ ನೋಡೋಣ. ಪ್ಲಾಸ್ಮಾಕ್ಕೆ ಅಸಿಟೋನೈಟ್ರೈಲ್ ಹಾಕಿ, ಪ್ರೋಟೀನು ತಳಕ್ಕಿಳಿದ ಮೇಲೆ ತಿಳಿಯನ್ನು ಕಾಲಂಗೆ ಬಿಟ್ಟು, ದ್ರವ್ಯರಾಶಿ 130ರ ಅಯಾನು ಒಡೆದು 71 ಆಗುವುದನ್ನು ಎಣಿಸುತ್ತಾರೆ. ತೊಡಕಿರುವುದು ಕಾಲಂನಲ್ಲಿ. ನೀರಿಗೇ ಒಲಿದ ಈ ಔಷಧ ಸಾಮಾನ್ಯ ಸಿ18 ಕಾಲಂನಲ್ಲಿ ನಿಲ್ಲುವುದೇ ಕಷ್ಟ. ರಕ್ತದ ಉಪ್ಪುಗಳ ಜೊತೆಗೇ ಹೊರಬೀಳುತ್ತದೆ. ಅಯಾನಾಗುವ ಹೊತ್ತಿಗೆ ಉಪ್ಪು ಅಡ್ಡ ಬಂದು ಔಷಧದ ಸಂಕೇತ ಕುಗ್ಗುತ್ತದೆ. ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಆರು ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇರುವ ಮೆಟ್‌ಫಾರ್ಮಿನ್ನನ್ನೇ ಇಂಟರ್ನಲ್ ಸ್ಟ್ಯಾಂಡರ್ಡ್ ಮಾಡಿದರೆ ಅದೂ ಅದೇ ಗಳಿಗೆಗೆ ಬಂದು ಅಷ್ಟೇ ಕುಗ್ಗುತ್ತದೆ, ಅನುಪಾತ ಕೆಡುವುದಿಲ್ಲ. ದುಬಾರಿಯೆಂದು ಬೇರೆ ಹೊತ್ತಿಗೆ ಹೊರಬರುವ ಇನ್ನೊಂದು ಔಷಧ ಬೆರೆಸಿದವರಿಗೆ ಈ ಆಸರೆಯಿಲ್ಲ.

ಮೆಚ್ಚುವ ವಿಮರ್ಶಕರು ಮಾತ್ರ ‘ಒಂದು ನ್ಯಾನೋಗ್ರಾಂ ಇದ್ದರೂ ಹಿಡಿಯುತ್ತದೆ’ ಎಂಬಲ್ಲೇ ನಿಂತಿದ್ದಾರೆ. ಎರಡು ಕಂಪನಿಗಳ ಮಾತ್ರೆ ಹೋಲಿಸಲು ಅದು ಬೇಕಾದೀತು, ಒಪ್ಪುತ್ತೇನೆ. ಆದರೆ ದಿನವೂ ಮಾತ್ರೆ ನುಂಗುವವರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಮೆಟ್‌ಫಾರ್ಮಿನ್ ಇರುವುದು ನೂರಾರು, ಸಾವಿರಾರು ನ್ಯಾನೋಗ್ರಾಂ. ಆ ಒಂದರಿಂದ ರೋಗಿಗೇನು ಸಿಕ್ಕಿತು?

ಮಾಗಡಿಯಲ್ಲೋ ಕನಕಪುರದಲ್ಲೋ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸೋತ ಹಿರಿಯರನ್ನು ನೆನೆಯಿರಿ. ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಮೂತ್ರದಲ್ಲಿ ಹೋಗಬೇಕಾದ ಔಷಧ; ಕಿಡ್ನಿ ಸೋತರೆ ರಕ್ತದಲ್ಲೇ ಕೂಡುತ್ತದೆ. ಅಳತೆ ತೀರಾ ಬೇಕಾಗುವುದು ಅವರಿಗೆ. ಯೂರಿಯಾ, ಕ್ರಿಯಾಟಿನಿನ್ ಏರಿ ಆರೋಗ್ಯವಂತರ ರಕ್ತಕ್ಕಿಂತ ಬೇರೆಯಾಗಿರುವುದೂ ಅವರ ರಕ್ತವೇ. 2022ರ ಐಸಿಎಚ್ ಎಂ10 ಮಾರ್ಗಸೂಚಿ ಕನಿಷ್ಠ ಆರು ಬೇರೆ ಬೇರೆ ಮೂಲದ ಪ್ಲಾಸ್ಮಾದಲ್ಲಿ ಸಂಕೇತ ಕುಗ್ಗಿಸುವ ಈ ಅಡ್ಡಿಯನ್ನು ಪರೀಕ್ಷಿಸಲು ಹೇಳುತ್ತದೆ. ಸಾಧ್ಯವಿದ್ದಲ್ಲಿ ಕಿಡ್ನಿ ರೋಗಿಗಳದನ್ನೂ ಸೇರಿಸಲು ಹೇಳುತ್ತದೆ. ಇದನ್ನು ಮಾಡದ ವಿಧಾನವನ್ನು ನಾನು ರೋಗಿಗೆ ಉಪಯುಕ್ತ ಎನ್ನಲಾರೆ.

ಅಂಥ ರೋಗಿಗಳ ಪ್ಲಾಸ್ಮಾ ಪಡೆಯುವುದು ಸಾಧ್ಯವಿದೆ. ಡಯಾಲಿಸಿಸ್ ಹಂತ ತಲುಪಿದವರಿಗೆ ವೈದ್ಯರು ಮೆಟ್‌ಫಾರ್ಮಿನ್ ನಿಲ್ಲಿಸಿರುತ್ತಾರೆ; ಔಷಧವಿಲ್ಲದ, ಆದರೆ ರೋಗವಿರುವ ಪ್ಲಾಸ್ಮಾ ಅವರಲ್ಲೇ ಸಿಗುತ್ತದೆ. ಮಾರ್ಗದರ್ಶಕರೇ, ಎಥಿಕ್ಸ್ ಕಮಿಟಿಯ ಅನುಮತಿ ಪಡೆದು, ರಾಮನಗರದ, ಚನ್ನಪಟ್ಟಣದ ಡಯಾಲಿಸಿಸ್ ರೋಗಿಗಳ ಒಪ್ಪಿಗೆ ಕೇಳಿ, ಮುಂದಿನ ಪ್ರಬಂಧಕ್ಕೆ ಅವರಲ್ಲಿ ಆರು ಜನರ ರಕ್ತ ತನ್ನಿ.