ಸೋಲಿಗೆ ಬೆಲೆಯಿದ್ದಾಗ: ವಿಜರ್ಡ್ರಿಯ ಕನ್ಸೋಲ್ ಅವತಾರಗಳು

ವಿಜರ್ಡ್ರಿಯಲ್ಲಿ ಸತ್ತವನನ್ನು ಬದುಕಿಸಬೇಕೆಂದರೆ ದೇವಾಲಯಕ್ಕೆ ಹಣ ಕಟ್ಟಬೇಕು. ಪ್ರಾರ್ಥನೆ ಫಲಿಸದಿದ್ದರೆ ಹೆಣ ಬೂದಿಯಾಗುತ್ತದೆ. ಮತ್ತಷ್ಟು ಹಣ ಸುರಿದು ಬೂದಿಯಿಂದ ಎಬ್ಬಿಸಲು ನೋಡಬಹುದು. ಅದೂ ಕೈಗೂಡದಿದ್ದರೆ ಆ ಪಾತ್ರ ಪಟ್ಟಿಯಿಂದಲೇ ಅಳಿಸಿಹೋಗುತ್ತದೆ, ಕಟ್ಟಿದ ಹಣವೂ ಹೋಗುತ್ತದೆ. 1981ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಬರೆದ ಈ ಆಟದ ಸ್ವಭಾವವೆಲ್ಲ ಈ ಒಂದೇ ನಿಯಮದಲ್ಲಿದೆ. ಮುಂದಿನ ನಾಲ್ಕು ದಶಕಗಳಲ್ಲಿ ಬಂದ ಅದರ ಕನ್ಸೋಲ್ ಆವೃತ್ತಿಗಳನ್ನು ಅಳೆಯಲು ನನಗೆ ಬೇಕಾಗಿರುವುದೂ ಇದೊಂದೇ ಮಾನದಂಡ. ಚಿತ್ರ ಎಷ್ಟು ಚೆಂದ, ಗುಂಡಿಗಳು ಎಷ್ಟು ಸಲೀಸು ಎಂಬುದು ಆಮೇಲಿನ ಮಾತು. ನೆಲಮಾಳಿಗೆಗೆ ಇಳಿಯುವಾಗ ಹೆದರಿಕೆಯಾಗುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಆಟದ ಕತೆಯನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಹುಚ್ಚು ದೊರೆ ಟ್ರೆಬೊರ್‌ನ ತಾಯಿತವನ್ನು ಮಾಂತ್ರಿಕ ವೆರ್ಡ್ನಾ ಕದ್ದು ನೆಲದಡಿಯ ಹತ್ತನೆಯ ಅಂತಸ್ತಿನಲ್ಲಿ ಅಡಗಿದ್ದಾನೆ, ಹೋಗಿ ತನ್ನಿ. ಒಂದೊಂದು ಅಂತಸ್ತೂ ಇಪ್ಪತ್ತು ಮನೆ ಉದ್ದ, ಇಪ್ಪತ್ತು ಮನೆ ಅಗಲದ ಚೌಕ. ತೆರೆಯ ಮೇಲೆ ಕಾಣುವುದು ಬರಿಯ ಗೆರೆಗಳಲ್ಲಿ ಮೂಡಿದ ಗೋಡೆಗಳು. ಆರು ಜನರ ತಂಡ ಕಟ್ಟಿಕೊಂಡು, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆಯುತ್ತ ಇಳಿಯಬೇಕು. ಗೊತ್ತೇ ಆಗದಂತೆ ದಿಕ್ಕು ತಿರುಗಿಸಿಬಿಡುವ ಮನೆಗಳಿವೆ, ಬೆಳಕು ತೂರದ ಕತ್ತಲ ಪಟ್ಟಿಗಳಿವೆ, ಸದ್ದಿಲ್ಲದೆ ಇನ್ನೆಲ್ಲೋ ಒಯ್ದು ನಿಲ್ಲಿಸುವ ಮಾಯದ ಮನೆಗಳಿವೆ. ಇಡೀ ತಂಡ ಸತ್ತರೆ ಹೆಣಗಳು ಬಿದ್ದಲ್ಲೇ ಬಿದ್ದಿರುತ್ತವೆ, ಇನ್ನೊಂದು ತಂಡ ಕಟ್ಟಿ ಅವನ್ನು ಹೊತ್ತು ತರಬೇಕು. ಹಾಗೆಂದು ಬರೆದವರಿಬ್ಬರೂ ಗಂಭೀರ ಮುಖದವರಲ್ಲ. ದೊರೆ ಮತ್ತು ಮಾಂತ್ರಿಕ ಇಬ್ಬರ ಹೆಸರೂ ಅವರದೇ ಹೆಸರುಗಳನ್ನು ತಿರುಗುಮುರುಗಾಗಿ ಬರೆದದ್ದು. ಮೂಲ ಆಟದ ತುಂಬ ಇಂಥ ವಿದ್ಯಾರ್ಥಿ ನಿಲಯದ ತಮಾಷೆಗಳಿವೆ.

ಆ ತಮಾಷೆ ಸಮುದ್ರ ದಾಟುವಾಗ ಕರಗಿಹೋಯಿತು. 1987ರ ಡಿಸೆಂಬರಿನಲ್ಲಿ ಆಸ್ಕಿ ಕಂಪನಿ ಜಪಾನಿನಲ್ಲಿ ಇದನ್ನು ನಿಂಟೆಂಡೊ ಫ್ಯಾಮಿಕಾಮ್‌ಗೆ ತಂದಿತು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಪೆಟ್ಟಿಗೆಗಳು ಹೆಚ್ಚಾಗಿ ಈ ಫ್ಯಾಮಿಕಾಮ್‌ನ ನಕಲುಗಳೇ. ಆದ್ದರಿಂದ ಅದರ ಶಕ್ತಿ ಎಷ್ಟೆಂಬ ಅಂದಾಜು ನಮಗೂ ಉಂಟು. ಅಷ್ಟರಲ್ಲೇ ಕೆಲಸ ಮಾಡಿದ್ದು ‘ಜೆವಿಯಸ್’ ಖ್ಯಾತಿಯ ಮಸನೊಬು ಎಂಡೊ ಅವರ ಗೇಮ್ ಸ್ಟುಡಿಯೊ. ಮೂಲದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಸಂಗೀತವನ್ನು ಕೆಂಟಾರೊ ಹನೇಡ ಹೊಸದಾಗಿ ಕಟ್ಟಿದರು. ರಾಕ್ಷಸರ ರೂಪಗಳನ್ನು ಚಿತ್ರಕಾರ ಜುನ್ ಸುಎಮಿ ಬಿಡಿಸಿದರು. ಅರಮನೆಯ ಸಂಗೀತದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗತ್ತು, ನೆಲಮಾಳಿಗೆಯಲ್ಲಿ ನೆಮ್ಮದಿ ಕೊಡದ ಸುತ್ತು. ಒಂದೇ ಏಟಿಗೆ ತಲೆ ಹಾರಿಸುವ ಮೊಲ ಅಮೆರಿಕದ ಆಟಗಾರನಿಗೆ ಮಾಂಟಿ ಪೈಥಾನ್ ಸಿನಿಮಾದ ನಗೆಚಾಟಿಕೆಯಾಗಿತ್ತು. ಸುಎಮಿಯ ಕೈಯಲ್ಲಿ ಅದು ನಿಜಕ್ಕೂ ಹಲ್ಲು ಮಸೆಯುವ ಪ್ರಾಣಿ. ಮೂಲವನ್ನು ತಪ್ಪಾಗಿ ಓದಿಕೊಂಡಿದ್ದಾರೆ ಎಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಅದು ಮೂಲಕ್ಕಿಂತ ಸರಿಯಾದ ಓದು ಎನಿಸುತ್ತದೆ. ನಿಯಮಗಳು ಇಷ್ಟು ಕ್ರೂರವಾಗಿರುವ ಆಟ ಪಕ್ಕೆ ತಿವಿದು ನಗಿಸುತ್ತಿದ್ದರೆ ಸಾವು ಹಗುರವಾಗುತ್ತದೆ. ಜಪಾನಿನವರು ನಿಯಮಕ್ಕೆ ತಕ್ಕ ಮುಖವನ್ನು ಕೊಟ್ಟರು.

ಈ ಆವೃತ್ತಿಯಲ್ಲಿ ಒಂದು ದೊಡ್ಡ ಲೋಪವಿದೆ, ಮುಚ್ಚಿಡುವಂಥದ್ದಲ್ಲ. ಪ್ರೋಗ್ರಾಮಿನ ದೋಷದಿಂದಾಗಿ ರಕ್ಷಾಕವಚದ ಲೆಕ್ಕವೇ ಕೆಲಸ ಮಾಡುವುದಿಲ್ಲ. ದುಬಾರಿ ಉಕ್ಕಿನ ಕವಚ ತೊಟ್ಟು, ಗುರಾಣಿ ಹಿಡಿದು, ತೆರೆಯ ಮೇಲಿನ ಅಂಕಿ ಇಳಿದದ್ದನ್ನು ನೋಡಿ ಹಿಗ್ಗುವ ಯೋಧನಿಗೂ ಬರಿಮೈಯವನಿಗೂ ಏಟು ಬೀಳುವುದರಲ್ಲಿ ವ್ಯತ್ಯಾಸವಿಲ್ಲ. ಪಾತ್ರಾಭಿನಯದ ಆಟಕ್ಕೆ ಇದಕ್ಕಿಂತ ಮೂಲಭೂತವಾದ ತಪ್ಪು ಇನ್ನೊಂದಿಲ್ಲ. ಹಾಗಿದ್ದೂ ಆ ಕ್ಯಾಸೆಟ್ ಜಪಾನಿನಲ್ಲಿ ಶ್ರೇಷ್ಠ ಕೃತಿಯ ಸ್ಥಾನ ಉಳಿಸಿಕೊಂಡಿತು. ಇದರಿಂದ ತಿಳಿಯುವುದೇನೆಂದರೆ, ವಿಜರ್ಡ್ರಿಯ ಜೀವ ಅದರ ಅಂಕಗಣಿತದ ನಿಖರತೆಯಲ್ಲಿಲ್ಲ. ಬಾಗಿಲು ಒದೆಯಲೋ, ಮೆಟ್ಟಿಲ ಕಡೆ ಹಿಂತಿರುಗಲೋ ಎಂಬ ತೀರ್ಮಾನದಲ್ಲಿದೆ. ಕವಚ ಕೆಟ್ಟಿದ್ದರೂ ಆ ತೀರ್ಮಾನದ ಭಾರ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಭಾರ ಉಳಿದದ್ದಕ್ಕೆ ಯಂತ್ರವೂ ಒಂದು ಕಾರಣ. ಆಪಲ್‌ನಲ್ಲಿ ಆಟದ ಸ್ಥಿತಿ ಫ್ಲಾಪಿಗೆ ಬರೆಯಲ್ಪಡುತ್ತಿತ್ತು. ಫ್ಯಾಮಿಕಾಮ್ ಕ್ಯಾಸೆಟ್ಟಿನೊಳಗಿನ ಪುಟ್ಟ ಬ್ಯಾಟರಿಯ ಬಲದಿಂದ ಎಲ್ಲವೂ ತಾನಾಗಿಯೇ ದಾಖಲಾಗುತ್ತಿತ್ತು. ಕೇಡು ತೆರೆಗೆ ಬರುವ ಮುನ್ನ ರಿಸೆಟ್ ಗುಂಡಿ ಒತ್ತಿ ಪಾರಾಗುವ ಕಳ್ಳದಾರಿಯನ್ನು ಆಟಗಾರರು ಬೇಗನೆ ಕಂಡುಕೊಂಡರು. ಆದರೆ ಕಳ್ಳದಾರಿ ಬೇರೆ, ರಾಜಮಾರ್ಗ ಬೇರೆ. ಗುಂಡಿ ಒತ್ತುವವನಿಗೆ ತಾನು ಮೋಸ ಮಾಡುತ್ತಿದ್ದೇನೆಂಬ ಅರಿವಿರುತ್ತದೆ. ಆಟ ತಾನಾಗಿ ‘ಹಿಂದಕ್ಕೆ ಹೋಗಲೇ?’ ಎಂದು ಕೇಳುವುದಿಲ್ಲ. ಮುಂದಿನ ಆವೃತ್ತಿಗಳನ್ನು ನೋಡುವಾಗ ಈ ವ್ಯತ್ಯಾಸ ನೆನಪಿರಬೇಕು.

ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ಹೊಂದಿಸುವವರ ಜಾಣತನ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂಲದ ಎರಡನೆಯ ಭಾಗ ‘ನೈಟ್ ಆಫ್ ಡೈಮಂಡ್ಸ್’ ಆಡಲು ಮೊದಲ ಭಾಗದಲ್ಲಿ ಪಳಗಿದ ಪಾತ್ರಗಳೇ ಬೇಕು. ಮೂರನೆಯದಾದ ‘ಲೆಗಸಿ ಆಫ್ ಲಿಲ್ಗಾಮಿನ್’ನಲ್ಲಿ ಅವರ ವಂಶದವರು ಮೊದಲ ಮೆಟ್ಟಿಲಿನಿಂದಲೇ ಶುರುಮಾಡುತ್ತಾರೆ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಪಾತ್ರ ದಾಟಿಸಲು ಬೇರೆ ಉಪಕರಣ ಕೊಳ್ಳಬೇಕಾಗಿದ್ದ ಫ್ಯಾಮಿಕಾಮ್‌ಗೆ ಈ ಕ್ರಮ ಹೊಂದುವುದಿಲ್ಲ. ಹಾಗಾಗಿ ಮೂರನೆಯದು 1989ರಲ್ಲಿ ಎರಡನೆಯದಾಗಿಯೂ, ಎರಡನೆಯದು 1990ರಲ್ಲಿ ಮೂರನೆಯದಾಗಿಯೂ ಬಂದವು. ಕತೆಯ ಕಾಲಕ್ರಮ ಏರುಪೇರಾಯಿತು ನಿಜ. ಹೊಸಬನೊಬ್ಬ ಅಂಗಡಿಯಿಂದ ತಂದ ಕ್ಯಾಸೆಟ್ಟನ್ನು ಅಂದೇ ಆಡಬಹುದಾದದ್ದು ಅದಕ್ಕಿಂತ ದೊಡ್ಡ ಲಾಭ.

1991ರಿಂದ ಗೇಮ್ ಬಾಯ್‌ಗೆ ಬಂದ ‘ಗೈಡೆನ್’ ಆಟಗಳಲ್ಲಿ ಜಪಾನಿನವರು ಹಳೆಯ ನಿಯಮಗಳನ್ನು ಇಟ್ಟುಕೊಂಡು ತಮ್ಮದೇ ನೆಲಮಾಳಿಗೆಗಳನ್ನು ತೋಡಿದರು. ಅಂಗೈಯಗಲದ ಬಣ್ಣವಿಲ್ಲದ ತೆರೆಗೆ ವಿಜರ್ಡ್ರಿಯ ಬೋಳು ಗೋಡೆಗಳು ಹೇಳಿ ಮಾಡಿಸಿದಂತಿದ್ದವು. ಸೂಪರ್ ಫ್ಯಾಮಿಕಾಮ್‌ಗೆ 1992ರಲ್ಲಿ ಬಂದ ಐದನೆಯ ಭಾಗ ಅಚ್ಚುಕಟ್ಟಾದದ್ದು, ಬೆರಗಿನದಲ್ಲ.

ನನ್ನ ತಕರಾರು ಶುರುವಾಗುವುದು 1998ರ ‘ಲಿಲ್ಗಾಮಿನ್ ಸಾಗಾ’ದಿಂದ. ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್‌ಗಳಿಗೆ ಮೊದಲ ಮೂರು ಭಾಗಗಳನ್ನು ಒಟ್ಟಿಗೆ ಕೊಟ್ಟ ಈ ಸಂಪುಟ ಕೊಂಡವರ ಹಣಕ್ಕೆ ಮೋಸ ಮಾಡಲಿಲ್ಲ. ಗೋಡೆಗಳಿಗೆ ಕಲ್ಲಿನ ಮೈ ಬಂತು, ನಡೆದಂತೆಲ್ಲ ನಕ್ಷೆ ತಾನಾಗಿಯೇ ಮೂಡಿತು. ಈ ನಕ್ಷೆಯೇ ಸಮಸ್ಯೆ. ಸದ್ದಿಲ್ಲದೆ ಜಾಗ ಬದಲಿಸುವ ಮನೆಯ ಶಕ್ತಿಯೆಲ್ಲ ಇರುವುದು ಆಟಗಾರನ ತಪ್ಪು ತಿಳಿವಳಿಕೆಯಲ್ಲಿ. ಎಲ್ಲಿದ್ದೇನೆಂದು ಅವನು ಹಾಳೆಯ ಮೇಲೆ ಗುರುತು ಹಾಕಿಕೊಂಡಿದ್ದಾನೋ ಅಲ್ಲಿ ಅವನಿಲ್ಲ. ಎರಡು ತಿರುವು ಕಳೆದ ಮೇಲೆ ಗೆರೆಗಳು ಒಂದಕ್ಕೊಂದು ಕೂಡದಿದ್ದಾಗ ಎದೆ ಧಸಕ್ಕೆನ್ನುತ್ತದೆ. ನಕ್ಷೆಯನ್ನು ಯಂತ್ರವೇ ಬರೆದರೆ ಆ ಕ್ಷಣ ಹುಟ್ಟುವುದೇ ಇಲ್ಲ, ಮೂಲದ ಅತ್ಯುತ್ತಮ ಕುತಂತ್ರ ಬರಿಯ ಅಲಂಕಾರವಾಗುತ್ತದೆ.

ಹಾಗೆಂದು ಮೂಲದಲ್ಲಿ ಇದ್ದದ್ದೆಲ್ಲ ಪವಿತ್ರ ಎನ್ನಲಾರೆ. ಲಿಫ್ಟುಗಳ ದಾರಿ ತಿಳಿದವರಿಗೆ ಐದರಿಂದ ಎಂಟನೆಯ ಅಂತಸ್ತುಗಳು ಬೇಕಾಗುವುದೇ ಇಲ್ಲ. ಅಷ್ಟು ದೊಡ್ಡ ಜಾಗ ಕೆಲಸವಿಲ್ಲದೆ ಬಿದ್ದಿದೆ. ಒಳ್ಳೆಯ ಅಂಕ ಸಿಗುವವರೆಗೆ ಪಾತ್ರಗಳನ್ನು ಹುಟ್ಟಿಸಿ ಅಳಿಸುವುದು, ಮೊದಲ ಅಂತಸ್ತಿನಲ್ಲೇ ಒಂದೇ ಜಾತಿಯ ದೆವ್ವವನ್ನು ಮತ್ತೆ ಮತ್ತೆ ಬಡಿದು ಬಲಿಯುವುದು ಬರಿಯ ಬೇಸರ. ಬೇಸರವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಹೆದರಿಕೆಯನ್ನು ತೆಗೆದರೆ ಆಟವೇ ಇಲ್ಲ. ಹೊಂದಿಸುವವನ ವಿವೇಕ ಇವೆರಡನ್ನು ಬೇರ್ಪಡಿಸುವುದರಲ್ಲಿದೆ.

2024ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಈಗಿನ ಕನ್ಸೋಲುಗಳಿಗೂ ಕಂಪ್ಯೂಟರಿಗೂ ತಂದ ಮೊದಲ ಭಾಗದ ಮರುಸೃಷ್ಟಿ ಈ ಬೇರ್ಪಡಿಸುವಿಕೆಯನ್ನು ಆಟಗಾರನಿಗೇ ಒಪ್ಪಿಸುತ್ತದೆ. ಒಳಗೆ ಓಡುವುದು 1981ರ ಮೂಲ ಪ್ರೋಗ್ರಾಮೇ, ಮೇಲೆ ತೊಡಿಸಿದ್ದು ಮೂರು ಆಯಾಮದ ಚಿತ್ರ. ಆಪಲ್ 2ರ ತೆರೆಯನ್ನು ಮೂಲೆಯಲ್ಲಿ ಹಾಗೇ ನೋಡಬಹುದು. ಯಾವ ನಿಯಮ ಹಳೆಯದಿರಲಿ, ಯಾವುದು ಹೊಸದಾಗಲಿ ಎಂದು ಒಂದೊಂದಾಗಿ ಆರಿಸಿಕೊಳ್ಳಬಹುದು. ವಿನಿಫ್ರೆಡ್ ಫಿಲಿಪ್ಸ್ ಸಂಯೋಜಿಸಿದ ಸಂಗೀತಕ್ಕೆ 2025ರಲ್ಲಿ ಗ್ರ್ಯಾಮಿಯೂ ಬಂತು. ಪ್ರಾಮಾಣಿಕತೆಯಲ್ಲಿ ಇದನ್ನು ಮೀರಿಸುವ ಆವೃತ್ತಿ ಇಲ್ಲ. ಆದರೆ ಆಯ್ಕೆಯ ಪಟ್ಟಿ ಕೈಗಿತ್ತು ಪಕ್ಕಕ್ಕೆ ಸರಿಯುವುದು ಒಂದು ಬಗೆಯಲ್ಲಿ ಹೊಣೆ ಜಾರಿಸುವುದೂ ಹೌದು. ನಷ್ಟವನ್ನು ತಗ್ಗಿಸುವ ಸವಲತ್ತು ಪಟ್ಟಿಯಲ್ಲೇ ಇದ್ದಾಗ ಅದನ್ನು ಬಳಸದಿರುವುದು ಆಟಗಾರನ ವ್ರತವಾಗುತ್ತದೆ, ಆಟದ ಕಟ್ಟಳೆಯಾಗಿ ಉಳಿಯುವುದಿಲ್ಲ. ಎಂಡೊ ತಂಡ ತಾನೇ ತೀರ್ಮಾನಿಸಿತ್ತು. ಅದರ ಕೃತಿಗೆ ಗಟ್ಟಿತನ ಬಂದದ್ದು ಆ ತೀರ್ಮಾನದಿಂದ.

ಅಮೆರಿಕದಲ್ಲಿ ಸರ್-ಟೆಕ್ ಕಂಪನಿಯ ಮೂಲ ಸರಣಿ 2001ರ ಎಂಟನೆಯ ಭಾಗಕ್ಕೆ ಮುಗಿಯಿತು. ಜಪಾನಿನಲ್ಲಿ ವಿಜರ್ಡ್ರಿ ಹೆಸರಿನ ಹೊಸ ಆಟಗಳು ಇಂದಿಗೂ ಬರುತ್ತಿವೆ. ಆ ಆಯುಸ್ಸಿನಲ್ಲಿ ದೊಡ್ಡ ಪಾಲು ಫ್ಯಾಮಿಕಾಮ್ ಕ್ಯಾಸೆಟ್ಟಿನದು. ಈಗ ಶುರುಮಾಡುವವರು ಸುಲಭವಾಗಿ ಸಿಗುವ 2024ರ ಆವೃತ್ತಿಯನ್ನೇ ಕೊಳ್ಳಲಿ. ಬೇಸರ ಕಳೆಯುವ ಸೌಕರ್ಯಗಳನ್ನೆಲ್ಲ ಬಳಸಿಕೊಳ್ಳಲಿ, ಸಾವಿನ ನಿಯಮಗಳನ್ನು ಮಾತ್ರ ಹಳೆಯದಕ್ಕೇ ಬಿಟ್ಟು ಗ್ರಾಫ್ ಹಾಳೆ ಹಿಡಿಯಲಿ. ಕಲೆಯಾಗಿ ಮಾತ್ರ ನನ್ನ ಮೊದಲ ಸ್ಥಾನ, ಕವಚ ಕೆಲಸ ಮಾಡದ ಆ 1987ರ ಕ್ಯಾಸೆಟ್ಟಿಗೇ.